ಕಡಲ ಬದಿಯೋ, ಹೊಳೆ ಕರೆಯೋ, ಗುಡ್ಡೆಯೋ? ಕಾಸರಗೋಡಿನಲ್ಲಿ ಮನೆ ಮಾಡುವವರಿಗೆ ಬಿರುಗಾಳಿಯ ಲೆಕ್ಕ

ಮಂಜೇಶ್ವರದಿಂದ ನೀಲೇಶ್ವರದವರೆಗೆ ಕಡಲಿಗೆ ಹತ್ತಿರ ಜಾಗ ಹುಡುಕುವವರು, ಅದರಲ್ಲೂ ಗಲ್ಫಿನಿಂದ ರಜೆಗೆ ಬಂದು ವಾಪಸು ಹೋಗುವುದರೊಳಗೆ ಆಧಾರ (ಕ್ರಯಪತ್ರ) ಮಾಡಿಸಿಕೊಳ್ಳಬೇಕಾದವರು, ಕೇಳುವ ಪ್ರಶ್ನೆ ಒಂದೇ: "ಇಲ್ಲಿಗೆ ಸೈಕ್ಲೋನ್ ಬರ್ತದಾ?" ಬ್ರೋಕರಿನ ಉತ್ತರವೂ ಒಂದೇ: "ಎಂಥದ್ದೂ ಬರುದಿಲ್ಲ ಸಾರ್, ಅದೆಲ್ಲ ಒರಿಸ್ಸಾದಲ್ಲಿ." ಅವನು ಹೇಳುವುದು ಮುಕ್ಕಾಲು ಪಾಲು ನಿಜ. ಮನೆ ಹೋಗುವುದು ಉಳಿದ ಕಾಲು ಪಾಲಿನಲ್ಲಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈ ಕರಾವಳಿಯಲ್ಲಿ ಚಂಡಮಾರುತ ನೆಲ ಮುಟ್ಟುವುದು ತೀರಾ ಅಪರೂಪ. ಆದರೆ ಅದು ದೂರದ ಕಡಲಲ್ಲೇ ಹಾದುಹೋದರೂ ಅದರ ಅಲೆ ಮತ್ತು ಮಳೆ ಇಲ್ಲಿಗೆ ತಲುಪುತ್ತವೆ. ಹಾಗಾಗಿ ಇಲ್ಲಿ ಮೊದಲು ಆರಿಸಬೇಕಾದದ್ದು ಜಾಗ, ಆಮೇಲೆ ಮಾಡು, ಅಂದರೆ ಮನೆಯ ಛಾವಣಿ. ಹೆಚ್ಚಿನವರು ಮಾಡುವುದು ತಿರುಗಾಮುರುಗಾ: ಟೈಲ್ಸಿನ ಬಣ್ಣಕ್ಕೆ ನಾಲ್ಕು ಅಂಗಡಿ ಸುತ್ತುತ್ತಾರೆ, ಜಾಗ ನೋಡುವುದು ಮಾತ್ರ ಕಾರಿನಿಂದ ಇಳಿಯದೆ.

ಗಾಳಿ ಎಷ್ಟು, ನಿಜಕ್ಕೂ?

ಹವಾಮಾನ ಇಲಾಖೆಯ ಲೆಕ್ಕದಲ್ಲಿ ಗಂಟೆಗೆ 62 ಕಿ.ಮೀ. ದಾಟಿದರೆ ಚಂಡಮಾರುತ, 89 ದಾಟಿದರೆ ತೀವ್ರ, 118 ದಾಟಿದರೆ ಅತಿ ತೀವ್ರ. ಇವೆಲ್ಲ ಕೆಲವು ನಿಮಿಷಗಳ ಸರಾಸರಿ ವೇಗ. ನಡುನಡುವೆ ಬರುವ ಬೀಸು ಇದಕ್ಕಿಂತ ಜೋರು. ವಾಟ್ಸಾಪಿನಲ್ಲಿ ಬರುವ ಅಮೆರಿಕದ ವಿಡಿಯೋಗಳಲ್ಲಿ 'ಕೆಟಗರಿ ಒಂದು' ಅಂದರೆ 119 ಕಿ.ಮೀ.ಯಿಂದ ಶುರು, ಅಂದರೆ ನಮ್ಮ ಅತಿ ತೀವ್ರಕ್ಕೆ ಸರಿಸುಮಾರು ಸಮ. ಆ ಕೆಟಗರಿ ಅಳೆಯುವುದು ಗಾಳಿಯನ್ನು ಮಾತ್ರ. ನೀರು ಎಷ್ಟು ಏರುತ್ತದೆ, ಮಳೆ ಎಷ್ಟು ಸುರಿಯುತ್ತದೆ ಎಂಬುದು ಅದರಲ್ಲಿ ಇಲ್ಲ. ನಮಗೆ ಬೇಕಾದದ್ದು ಆ ಇಲ್ಲದ ಭಾಗವೇ.

ಕಟ್ಟಡಗಳ ಗಾಳಿ ಲೆಕ್ಕಕ್ಕೆ ದೇಶದಲ್ಲಿ ಒಂದು ಮಾನಕ ಉಂಟು, ಐಎಸ್ 875ರ ಮೂರನೇ ಭಾಗ. ಅದರ ನಕಾಶೆಯಲ್ಲಿ ಕೇರಳದ ಕರಾವಳಿಗೆ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್, ಅಂದರೆ ಗಂಟೆಗೆ 140 ಕಿ.ಮೀ. ಬೀಸು. ಚೆನ್ನೈ, ವಿಶಾಖಪಟ್ಟಣಗಳಿಗೆ 50 ಮೀಟರ್, 180 ಕಿ.ಮೀ. ಎರಡರ ನಡುವೆ ನಲವತ್ತು ಕಿ.ಮೀ. ತಾನೇ ಅನ್ನಬೇಡಿ. ಗಾಳಿಯ ಒತ್ತಡ ಏರುವುದು ವೇಗದ ವರ್ಗದಲ್ಲಿ. ಲೆಕ್ಕ ಹಾಕಿದರೆ ನಮ್ಮಲ್ಲಿ ಚದರ ಮೀಟರಿಗೆ ಸುಮಾರು 93 ಕಿಲೋ, ವಿಶಾಖಪಟ್ಟಣದಲ್ಲಿ 153 ಕಿಲೋ. 2014ರ ಅಕ್ಟೋಬರಿನಲ್ಲಿ ಹುದ್‌ಹುದ್ ಚಂಡಮಾರುತ ಬಡಿದಾಗ ಅಲ್ಲಿನವರು ಕಂಡ ಗಾಳಿಯನ್ನು ಇಲ್ಲಿನ ಮನೆಗಳು ಈ ತನಕ ಕಂಡಿಲ್ಲ.

ಕಂಡದ್ದು ಬೇರೆ. 2021ರ ಮೇ ತಿಂಗಳ ಮಧ್ಯದಲ್ಲಿ ಟೌಕ್ಟೇ ಚಂಡಮಾರುತ ತೀರಕ್ಕೆ ಸಮಾನಾಂತರವಾಗಿ ಉತ್ತರಕ್ಕೆ ಸಾಗಿತು, ನೆಲ ಮುಟ್ಟಿದ್ದು 17ರ ರಾತ್ರಿ ಗುಜರಾತಿನಲ್ಲಿ. ಹಾದುಹೋದ ಆ ಎರಡು ದಿನಗಳಲ್ಲಿ ಕಾಸರಗೋಡಿನ ದಂಡೆಯಲ್ಲಿ ಆದ ದೊಡ್ಡ ನಷ್ಟ ಕಡಲ್ಕೊರೆತದ್ದು. ಉಪ್ಪಳದ ಮುಸೋಡಿಯಲ್ಲಿ ಎರಡು ಮಹಡಿಯ ಮನೆ ಕುಸಿದು ಕಡಲಿಗೆ ಬಿದ್ದದ್ದನ್ನು ಅನೇಕರು ಫೋನಿನಲ್ಲಿ ನೋಡಿದ್ದಾರೆ. ಗಮನಿಸಿ, ಅದು ಗುಡಿಸಲಲ್ಲ, ಕಾಂಕ್ರೀಟಿನ ಮನೆ. ಅದನ್ನು ಕೆಡವಿದ್ದು ಗಾಳಿಯಲ್ಲ. ಅಡಿಪಾಯದ ಕೆಳಗಿನ ಹೊಯಿಗೆಯನ್ನು (ಮರಳನ್ನು) ಅಲೆ ತೆಗೆದುಕೊಂಡು ಹೋಗಿತ್ತು.

ಕಡಲ ದಂಡೆಯ ಜಾಗ

ಆದ್ದರಿಂದ ಕಡಲ ಬದಿಯ ಜಾಗ ನೋಡುವಾಗ ಮನೆ ಎಷ್ಟು ಗಟ್ಟಿ ಎಂಬುದಕ್ಕಿಂತ ದಂಡೆ ಎಷ್ಟು ಗಟ್ಟಿ ಎಂಬುದನ್ನು ನೋಡಬೇಕು. ಮೊದಲ ಕೆಲಸ, ಆಧಾರ ಹಿಡಿದುಕೊಂಡು ಪಶ್ಚಿಮದ ಮೇರೆಯ ಸರ್ವೆ ಕಲ್ಲು ಹುಡುಕಿ. ಸಿಕ್ಕದಿದ್ದರೆ ಮಾರುವವರು "ಹೊಯಿಗೆಯಡಿ ಹೂತುಹೋಗಿದೆ" ಅನ್ನುತ್ತಾರೆ. ಟೇಪು ಹಿಡಿಸಿ. ಕಾಗದದಲ್ಲಿ ಇಪ್ಪತ್ತು ಸೆಂಟ್ಸ್, ಕಾಲಡಿಯಲ್ಲಿ ಹದಿನಾಲ್ಕು ಎಂದಾದರೆ ಉಳಿದ ಆರು ಎಲ್ಲಿ ಹೋಯಿತೆಂದು ಯಾರನ್ನೂ ಕೇಳಬೇಕಾಗಿಲ್ಲ. ಎರಡನೆಯದು, ದಂಡೆಯ ಅಂಚಿನ ತೆಂಗಿನಮರಗಳು. ಬುಡದ ಬೇರು ಗಡ್ಡದ ಹಾಗೆ ಹೊರಗೆ ಇಳಿಬಿದ್ದಿದ್ದರೆ ಕೊರೆತ ಇತ್ತೀಚಿನದು, ಇನ್ನೂ ನಿಂತಿಲ್ಲ. ಮೂರನೆಯದು, ನೆರೆಮನೆಯ ಅಜ್ಜಿಯ ಹತ್ತಿರ ಕುಳಿತು ಕೇಳಿ: "ಮುಂಚೆ ನಿಮ್ಮ ಮನೆಗೂ ಕಡಲಿಗೂ ನಡುವೆ ಯಾರ ಮನೆ ಇತ್ತು?" ಒಂದೆರಡು ಹೆಸರು ಬಂದರೆ ಸರದಿಯಲ್ಲಿ ಮುಂದಿನ ಹೆಸರು ಯಾರದೆಂದು ಲೆಕ್ಕ ಹಾಕಿಕೊಳ್ಳಿ.

ಕಲ್ಲಿನ ತಡೆಗೋಡೆ ಉಂಟಲ್ಲ ಎಂಬ ಧೈರ್ಯವನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಗೋಡೆಯ ಹಿಂದಿನ ಜಾಗ ಸ್ವಲ್ಪ ಕಾಲ ಉಳಿಯುತ್ತದೆ ನಿಜ. ಆದರೆ ಗೋಡೆಗೆ ಬಡಿದ ಅಲೆ ಅದರ ಬುಡದ ಹೊಯಿಗೆಯನ್ನೇ ಎಳೆಯುವುದರಿಂದ ಕಲ್ಲುಗಳು ವರ್ಷ ವರ್ಷ ಕೆಳಗಿಳಿಯುತ್ತವೆ. ಗೋಡೆ ಮುಗಿಯುವ ತುದಿಯ ಆಚೆಗಿನ ಜಾಗಕ್ಕೆ ಕೊರೆತ ಇಮ್ಮಡಿ. ನೀವು ನೋಡುತ್ತಿರುವ ಜಾಗ ಆ ತುದಿಯ ಪಕ್ಕದ್ದಾದರೆ ಕೈಮುಗಿದು ಬನ್ನಿ.

ಗಾಳಿಯೇ ಇಲ್ಲದ ದಿನವೂ ಕಡಲು ಏರಬಹುದು. ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆ ಸಾವಿರಾರು ಕಿಲೋಮೀಟರ್ ಉರುಳಿಕೊಂಡು ಬಂದು, ಬಿಸಿಲು ಹೊಡೆಯುತ್ತಿರುವ ಏಪ್ರಿಲ್-ಮೇ ತಿಂಗಳಲ್ಲಿ ಅಂಗಳಕ್ಕೆ ನುಗ್ಗುತ್ತದೆ. ಕಳ್ಳಕ್ಕಡಲ್ ಅನ್ನುವುದು ಅದನ್ನೇ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಇದಕ್ಕೆ ಮುನ್ಸೂಚನೆ ಕೊಡುತ್ತದೆ. ಮುನ್ಸೂಚನೆಯಿಂದ ಜನ, ದೋಣಿ, ಬಲೆ ಉಳಿಯುತ್ತವೆ. ಅಡಿಪಾಯಕ್ಕೆ ಅದರಿಂದ ಏನೂ ಆಗುವುದಿಲ್ಲ.

ಕಾನೂನಿನ ಕಡೆಯಿಂದಲೂ ನೋಡಬೇಕು. 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯ ಪ್ರಕಾರ ಗ್ರಾಮೀಣ ಕರಾವಳಿಯಲ್ಲಿ, 2011ರ ಜನಗಣತಿಯಂತೆ ಚದರ ಕಿ.ಮೀ.ಗೆ 2161ಕ್ಕಿಂತ ಹೆಚ್ಚು ಜನರಿರುವ ಕಡೆ ಭರತದ ಗೆರೆಯಿಂದ (ಉಬ್ಬರದ ನೀರು ತಲುಪುವ ಗೆರೆಯಿಂದ) 50 ಮೀಟರ್, ಕಡಿಮೆ ಇರುವ ಕಡೆ 200 ಮೀಟರ್ ಹೊಸ ಕಟ್ಟಡಕ್ಕೆ ನಿಷಿದ್ಧ. ನಿಮ್ಮ ಪಂಚಾಯತು ಯಾವ ಗುಂಪಿನಲ್ಲಿದೆ ಎಂದು ಪಂಚಾಯತು ಆಫೀಸಿನಲ್ಲೇ ಬರವಣಿಗೆಯಲ್ಲಿ ಕೇಳಿ. ಬ್ರೋಕರಿನ ಬಾಯಿಮಾತು ನಂಬಬೇಡಿ. ಕೇರಳ ಸರಕಾರವೇ 'ಪುನರ್‌ಗೇಹಂ' ಯೋಜನೆಯಲ್ಲಿ ದಂಡೆಯಿಂದ 50 ಮೀಟರಿನೊಳಗಿರುವ ಮೀನುಗಾರ ಕುಟುಂಬಗಳನ್ನು ಹಿಂದಕ್ಕೆ ಕರೆದುಕೊಳ್ಳಲು ತಲಾ 10 ಲಕ್ಷ ಕೊಡುತ್ತಿದೆ. ಕಡಲನ್ನೇ ನಂಬಿದ ಮೊಗವೀರರನ್ನು ಹಿಂದೆ ಬನ್ನಿ ಎನ್ನುತ್ತಿರುವಾಗ, ಆಫೀಸಿಗೆ ಹೋಗುವ ನಾವು ಲಕ್ಷಗಟ್ಟಲೆ ಕೊಟ್ಟು ಮುಂದಕ್ಕೆ ಹೋಗುವುದು ನನಗಂತೂ ಅರ್ಥವಾಗದ ವಿಷಯ.

ಹೊಳೆ ಕರೆ, ಅಳಿವೆ, ಬೈಲು

ಕಡಲು ಬೇಡ, ಹೊಳೆ ಕರೆಯಲ್ಲಿ (ದಡದಲ್ಲಿ) ತೆಂಗಿನ ತೋಟದ ನಡುವೆ ಮನೆ ಅನ್ನುವವರು ಬಹಳ. ಉಪ್ಪಳ, ಶಿರಿಯ, ಮೊಗ್ರಾಲ್, ಚಂದ್ರಗಿರಿ ಎಂದು ಈ ಜಿಲ್ಲೆಯಲ್ಲಿ ಹೊಳೆಗಳಿಗೆ ಬರಗಾಲವಿಲ್ಲ. ಇಲ್ಲಿ ನೋಡಬೇಕಾದದ್ದು ಎರಡು ನೀರು ಒಟ್ಟಿಗೆ ಬರುವ ಸಂದರ್ಭವನ್ನು. ಬಿರುಗಾಳಿಯಿದ್ದಾಗ ಕಡಲ ಮಟ್ಟ ಏರಿರುತ್ತದೆ. ವಾಯುಭಾರ ಒಂದು ಮಿಲಿಬಾರ್ ಇಳಿದರೆ ನೀರು ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ, ಅದರ ಮೇಲೆ ಗಾಳಿ ತಳ್ಳುವ ನೀರು. ಅದೇ ಹೊತ್ತಿಗೆ ಘಟ್ಟದ ಮಳೆಯ ನೀರು ಇಳಿದು ಬರುತ್ತದೆ. ಅಳಿವೆಯ, ಅಂದರೆ ಹೊಳೆ ಕಡಲು ಸೇರುವ ಕಡೆಯ, ಬಾಯಿ ಮರಳಿನಿಂದ ಅರ್ಧ ಮುಚ್ಚಿದ್ದರೆ ಹೊಳೆಗೆ ಹೊರಗೆ ಹೋಗಲು ದಾರಿಯಿಲ್ಲ, ಹಿಂದಕ್ಕೆ ತೋಟಕ್ಕೆ ಬರುತ್ತದೆ. ಕೊಡಗಿನ ಕಡೆಯಿಂದ ಇಳಿಯುವ ಪಯಸ್ವಿನಿ-ಚಂದ್ರಗಿರಿಗೆ ನೂರು ಕಿಲೋಮೀಟರಿಗೂ ಹೆಚ್ಚು ಹರಿವಿದೆ. ನಿಮ್ಮ ಮನೆ ಮೇಲೆ ಬಿಸಿಲಿದ್ದರೂ ಅಲ್ಲಿ ಮಳೆಯಾದರೆ ಸಾಕು. 2019ರ ಆಗಸ್ಟಿನಲ್ಲಿ ತೇಜಸ್ವಿನಿ ಹೊಳೆಯ ನೆರೆ ನೀಲೇಶ್ವರದ ಕಡೆಯವರಿಗೆ ಇನ್ನೂ ಮರೆತಿಲ್ಲ, ಅದಕ್ಕೆ ಯಾವ ಚಂಡಮಾರುತವೂ ಬೇಕಾಗಿರಲಿಲ್ಲ.

ಆದರೂ ಹೊಳೆ ಕರೆಯನ್ನು ನಾನು ಕಡಲ ದಂಡೆಗಿಂತ ಮೇಲೆ ಇಡುತ್ತೇನೆ. ನೆರೆ ಬಂದರೆ ಇಳಿಯುತ್ತದೆ, ಮನೆ ತೊಳೆದು ಮತ್ತೆ ಕೂರಬಹುದು. ಹೊಯಿಗೆ ಹೋದರೆ ವಾಪಸು ಬರುವುದಿಲ್ಲ. ಪಂಚಾಂಗವನ್ನು (ಮನೆಯ ನೆಲಗಟ್ಟನ್ನು) ಹಳೆಯ ನೆರೆ ಗುರುತಿಗಿಂತ ಎರಡು ಅಡಿಯಾದರೂ ಮೇಲೆ ಕಟ್ಟುವುದಾದರೆ, ಅಳಿವೆಯಿಂದ ದೂರ, ಹೊಳೆಯ ತಿರುವಿನ ಒಳಬದಿಯಲ್ಲಿದ್ದರೆ ಯೋಚಿಸಬಹುದು. ಹೊರಬದಿಯ ದಂಡೆಯನ್ನು ಹೊಳೆ ಕೊರೆಯುತ್ತಲೇ ಇರುತ್ತದೆ. ನೆರೆಯ ಗುರುತು ಹೇಗೆ ಸಿಗುತ್ತದೆ? ಹಳೆ ಕೊಟ್ಟಿಗೆಯ ಕೆಂಪುಕಲ್ಲಿನ ಗೋಡೆ ನೋಡಿ. ಸಾರಣೆ ಇಲ್ಲದ ಕಲ್ಲಿನಲ್ಲಿ ಮಣ್ಣಿನ ಗೆರೆ ಅಡ್ಡಕ್ಕೆ ನಿಂತಿರುತ್ತದೆ. ಮನೆಗೆ ಹೊಸ ಬಣ್ಣ ಬಳಿಯುವವರು ಕೊಟ್ಟಿಗೆಗೆ ಬಳಿಯುವುದಿಲ್ಲ. ಬಾವಿಯ ನೀರನ್ನು ಏಪ್ರಿಲಿನಲ್ಲಿ ಕುಡಿದು ನೋಡಿ, ಜುಲೈಯಲ್ಲಿ ಎಲ್ಲ ಬಾವಿಯೂ ಸಿಹಿಯೇ.

ಬೈಲಿನ ಗದ್ದೆ ಮುಚ್ಚಿ ಮಾಡಿದ ಸೈಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೇರಳದಲ್ಲಿ 2008ರ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾಯಿದೆಯಡಿ ಇಂಥ ಜಾಗಗಳ ಡಾಟಾ ಬ್ಯಾಂಕ್ ಉಂಟು. ಕೃಷಿ ಭವನಕ್ಕೆ ಹೋಗಿ ಸರ್ವೆ ನಂಬ್ರ ಹೇಳಿದರೆ ಗೊತ್ತಾಗುತ್ತದೆ. ಹೆಚ್ಚಿನವರು ಅದನ್ನು ಪರ್ಮಿಟಿನ ತಲೆನೋವು ಎಂದಷ್ಟೇ ನೋಡುತ್ತಾರೆ. ಮಳೆನೀರು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎನ್ನುವುದರ ಪಟ್ಟಿಯೂ ಅದೇ.

ಗುಡ್ಡೆ, ಪದವು

ನೀರಿನ ಹೆದರಿಕೆಯಿಂದ ಗುಡ್ಡೆ ಹತ್ತಿದವರಿಗೆ ಗಾಳಿ ಕಾದಿರುತ್ತದೆ. ಬಯಲಲ್ಲಿ ಬೀಸುವ ಗಾಳಿ ಗುಡ್ಡೆಯ ಇಳಿಜಾರು ಏರುವಾಗ ಒತ್ತಿಕೊಂಡು ವೇಗ ಪಡೆಯುತ್ತದೆ. ಮಾನಕದಲ್ಲಿ ಇದಕ್ಕೆ 1.36ರವರೆಗೆ ಗುಣಕ ಕೊಟ್ಟಿದ್ದಾರೆ. ವರ್ಗ ಮಾಡಿದರೆ ಒತ್ತಡ ಶೇಕಡ 85ರಷ್ಟು ಹೆಚ್ಚು. ಅಂದರೆ ಪಶ್ಚಿಮಕ್ಕೆ ಕಡಲು ಕಾಣುವ ಗುಡ್ಡೆಯ ನೆತ್ತಿಯಲ್ಲಿ ಮನೆ ಕಟ್ಟಿದರೆ ಆ 93 ಕಿಲೋ 170 ದಾಟುತ್ತದೆ, ವಿಶಾಖಪಟ್ಟಣದ ಲೆಕ್ಕವನ್ನೂ ಮೀರಿ. 'ಸೀ ವ್ಯೂ' ಎಂದು ಜಾಹೀರಾತು ಹಾಕುವ ಪ್ಲಾಟುಗಳು ಹೆಚ್ಚಾಗಿ ಇಂಥಲ್ಲೇ ಇರುವುದು.

ಇನ್ನೊಂದು, ಗುಡ್ಡೆ ಕಡಿದದ್ದು. ಕೆಂಪುಕಲ್ಲಿನ ಗಟ್ಟಿ ಪದರ ಮೇಲಿದ್ದು ಕೆಳಗೆ ಮೆತ್ತಗಿನ ಜೇಡಿ ಇರುವುದು ಇಲ್ಲಿ ಸಾಮಾನ್ಯ. ನೇರಕ್ಕೆ ಕಡಿದು ಬಿಟ್ಟರೆ ಎರಡು ಮಳೆಗಾಲ ನಿಲ್ಲಬಹುದು, ಮೂರನೆಯದರಲ್ಲಿ ಇಳಿಯಬಹುದು. ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಆಸುಪಾಸು ಮಳೆ ಬೀಳುವ ಜಿಲ್ಲೆ ಇದು. ಕಡಿದ ಗೋಡೆಯ ಎತ್ತರದಷ್ಟಾದರೂ ದೂರಕ್ಕೆ ಮನೆ ಇರಲಿ, ಮೇಲಿದ್ದರೂ ಅಷ್ಟೆ, ಕೆಳಗಿದ್ದರೂ ಅಷ್ಟೆ.

ಹಾಗಾದರೆ ಎಲ್ಲಿ? ನನ್ನನ್ನು ಕೇಳಿದರೆ, ಕಡಲಿನಿಂದ ಕಿಲೋಮೀಟರ್ ಒಂದೆರಡು ಒಳಗೆ, ರೈಲು ಹಳಿಯ ಪೂರ್ವಕ್ಕೆ, ಗುಡ್ಡೆಯ ನೆತ್ತಿಯಿಂದ ಸಾಕಷ್ಟು ಹಿಂದೆ ಸರಿದ ಪದವಿನ ಸಮತಟ್ಟು, ಇಲ್ಲವೇ ಗುಡ್ಡೆಯ ಪೂರ್ವದ ಮಗ್ಗುಲಿನ ಮೆಲ್ಲನೆಯ ಇಳಿಜಾರು. ಹಳಬರ ಎಷ್ಟೋ ಮನೆಗಳು ಅಂಥ ಕಡೆ ಇರುವುದು ನೋಡಬಹುದು. ಕಡಲು ಕಾಣುವುದಿಲ್ಲ ಎಂಬ ಕೊರತೆ ಉಂಟು. ಸಂಜೆ ಸ್ಕೂಟರಿನಲ್ಲಿ ಹೋಗಿ ನೋಡಿ ಬರುವುದು.

ಮಾಡು: ಹಂಚು, ಸ್ಲ್ಯಾಬು, ಶೀಟು

ಜಾಗ ಆದ ಮೇಲೆ ಮಾಡಿನ ಮಾತು. ಗಾಳಿ ಮಾಡನ್ನು ಕೆಳಕ್ಕೆ ಒತ್ತುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಹೆಚ್ಚಿನ ಸಲ ಅದು ಮೇಲಕ್ಕೆ ಎಳೆಯುತ್ತದೆ. ಅಂಚು, ಮೂಲೆಗಳಲ್ಲಿ ಒಂದೂವರೆ ಎರಡು ಪಟ್ಟು ಜೋರಾಗಿ. ಹಾಗಾಗಿ ಕೇಳಬೇಕಾದದ್ದು, ಮಾಡಿನ ಭಾರ ಎಷ್ಟು ಮತ್ತು ಅದನ್ನು ಹಿಡಿದಿರುವುದು ಯಾವುದು.

ನಾಲ್ಕು ಇಂಚಿನ ಕಾಂಕ್ರೀಟ್ ಸ್ಲ್ಯಾಬು ಚದರ ಮೀಟರಿಗೆ 250 ಕಿಲೋ. ಆ 93 ಕಿಲೋದ ಎಳೆತಕ್ಕೆ ಅದು ಅಲುಗುವುದಿಲ್ಲ. ಮಂಗಳೂರು ಹಂಚು ಸುಮಾರು 40 ಕಿಲೋ. ಅರ್ಧ ಮಿಲಿಮೀಟರಿನ ಶೀಟು ನಾಲ್ಕೈದು ಕಿಲೋ, ಅಂದರೆ ಶೀಟಿಗೆ ತನ್ನದೆಂಬ ಭಾರವೇ ಇಲ್ಲ, ಪೂರ್ತಿ ಸ್ಕ್ರೂ ಮತ್ತು ಬೋಲ್ಟಿನ ದಯೆ.

ಈಗ ಊರಲ್ಲಿ ನೋಡಿ. ಸ್ಲ್ಯಾಬು ಸೋರುತ್ತದೆಂದು, ಅಡಕೆ ಒಣಗಿಸಲೆಂದು, ಬಟ್ಟೆ ಹಾಕಲೆಂದು ಪ್ರತಿ ತಾರಸಿಯ ಮೇಲೂ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹೊದೆಸಿದ್ದಾರೆ. ನಾಲ್ಕೂ ಬದಿ ತೆರೆದು, ಇಳಿಜಾರು ಇದ್ದೂ ಇಲ್ಲದ ಹಾಗೆ. ಗಾಳಿ ಮೇಲಿನಿಂದ ಎಳೆಯುವುದರ ಜೊತೆ ಒಳಗೆ ನುಗ್ಗಿ ಕೆಳಗಿನಿಂದಲೂ ತಳ್ಳುತ್ತದೆ. 250 ಕಿಲೋದ ಗಟ್ಟಿ ಮಾಡಿನ ಮೇಲೆ ಅತಿ ದುರ್ಬಲವಾದ ಇನ್ನೊಂದು ಮಾಡನ್ನು ನಾವೇ ದುಡ್ಡು ಕೊಟ್ಟು ಕೂರಿಸಿದ್ದೇವೆ. ಹತ್ತಿ ನೋಡುವ ಅವಕಾಶ ಸಿಕ್ಕರೆ ಕಂಬದ ಬುಡ ನೋಡಿ: ಸ್ಲ್ಯಾಬಿನೊಳಗೆ ಇಳಿದ ಬೋಲ್ಟಿನ ಮೇಲೆ ಪ್ಲೇಟು ಕೂತಿದೆಯೋ ಅಥವಾ ಅರಗೋಡೆಯ ಮೇಲೆ ಸಿಮೆಂಟು ಮೆತ್ತಿ ನಿಲ್ಲಿಸಿದ್ದಾರೋ. ಆಮೇಲೆ ಶೀಟಿನ ಸ್ಕ್ರೂ. ಕಡಲ ಗಾಳಿಯ ಉಪ್ಪಿಗೆ ತಲೆಯ ಸುತ್ತ ತುಕ್ಕು ಕಂದುಬಣ್ಣದ ಉಂಗುರವಾಗಿರುತ್ತದೆ, ಅಡಿಯ ರಬ್ಬರು ವಾಶರು ಬಿಸಿಲಿಗೆ ಬಿರಿದಿರುತ್ತದೆ. ಬೆರಳಲ್ಲಿ ತಿರುಗಿಸಿದರೆ ಸ್ಕ್ರೂ ತಿರುಗುತ್ತದೆ ಎಂದಾದರೆ ಆ ಶೀಟು ಪಕ್ಕದ ಮನೆಯವರದ್ದು ಎಂದೇ ತಿಳಿಯಿರಿ. ಇರುವ ಶೀಟನ್ನು ಉಳಿಸಿಕೊಳ್ಳುವುದಾದರೆ ಮೇ ತಿಂಗಳ ಮೊದಲು ಅಂಚಿನ ಸಾಲಿನ ಸ್ಕ್ರೂ ಎಲ್ಲ ಬದಲಿಸಿ, ಅಂತರ ಅರ್ಧಕ್ಕೆ ಇಳಿಸಿ.

ಹಂಚಿನ ಮಾಡಿನ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತ ಉಂಟು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಈ ಕರಾವಳಿಯ ಮಳೆಗೆ ಅದಕ್ಕಿಂತ ಹೊಂದುವ ಮಾಡು ಬಂದಿಲ್ಲ. ಮೂವತ್ತು ಡಿಗ್ರಿ ಆಸುಪಾಸಿನ ಇಳಿಜಾರಿನಲ್ಲಿ ಗಾಳಿಯ ಎಳೆತ ಚಪ್ಪಟೆ ಮಾಡಿಗಿಂತ ಕಡಿಮೆ. ಹಂಚುಗಳ ಸಂದಿನಲ್ಲಿ ಗಾಳಿ ಆಡುವುದರಿಂದ ಒಳಗಿನ ಒತ್ತಡವೂ ಇಳಿಯುತ್ತದೆ. ಹಾರಿದರೂ ಹತ್ತು ಹಂಚು ಹಾರೀತು, ಮರುದಿನ ಏಣಿ ಇಟ್ಟು ಕೂರಿಸಬಹುದು. ಕಿತ್ತುಹೋದ ಶೀಟು ಹಾಗಲ್ಲ, ಬೀದಿಯಲ್ಲಿ ಕತ್ತಿಯಾಗಿ ಹಾರುತ್ತದೆ. ಮಾಡಬೇಕಾದದ್ದು ಇಷ್ಟು: ಅಂಚಿನ ಎರಡು ಸಾಲು ಮತ್ತು ನೆತ್ತಿಯ ಹಂಚನ್ನು ಗಾರೆಯಲ್ಲಿ ಕೂರಿಸಿ, ಉಳಿದ ಅಂಚಿನ ಹಂಚಿನ ಹಿಂದಿನ ತೂತಿನಲ್ಲಿ ತಂತಿ ಹಾಕಿ ರೀಪಿಗೆ (ಹಂಚು ಕೂರುವ ಅಡ್ಡಪಟ್ಟಿಗೆ) ಕಟ್ಟಿಸಿ. ಪಕ್ಕಾಸು (ಮಾಡಿನ ಇಳಿಜಾರು ತೊಲೆ) ಗೋಡೆಯ ಮೇಲೆ ಸುಮ್ಮನೆ ಕೂತಿರಬಾರದು. ಗೋಡೆಯ ತಲೆಗೆ ಕಾಂಕ್ರೀಟಿನ ಬೆಲ್ಟ್ ಹಾಕಿ ಅದರಿಂದ ಎದ್ದ ಕಬ್ಬಿಣದ ಪಟ್ಟಿಗೆ ಬಿಗಿದಿರಬೇಕು. ನಾಲ್ಕೂ ಕಡೆ ಇಳಿಯುವ ಮಾಡು, ಎರಡೇ ಕಡೆ ಇಳಿದು ಬದಿಗೆ ತ್ರಿಕೋಣದ ಗೋಡೆ ಎಬ್ಬಿಸಿದ ಮಾಡಿಗಿಂತ ಗಾಳಿಗೆ ವಾಸಿ. ಆ ತ್ರಿಕೋಣ ಗೋಡೆಯೇ ಮೊದಲು ಬೀಳುವುದು. ಜಗಲಿಯ ಇಳಿಮಾಡನ್ನು ದೊಡ್ಡ ಮಾಡಿನ ಪಕ್ಕಾಸಿಗೇ ಜೋಡಿಸದೆ ಬೇರೆಯೇ ಮಾಡಿಸಿ, ಅದು ಹಾರಿದರೆ ಮನೆಯ ಮಾಡನ್ನು ಜೊತೆಗೆ ಕರೆದುಕೊಂಡು ಹೋಗಬಾರದು.

ಸ್ಲ್ಯಾಬೇ ಬೇಕು ಅನ್ನುವವರಿಗೆ ಕಡಲ ಹತ್ತಿರದ ಶತ್ರು ಉಪ್ಪು. ಕಡಲ ಗಾಳಿಗೆ ನೇರ ಒಡ್ಡಿಕೊಂಡ ಕಾಂಕ್ರೀಟಿಗೆ ಐಎಸ್ 456 ಎಂಬ ಮಾನಕ ಕೇಳುವುದು ಎಂ 30 ದರ್ಜೆ, ಕಂಬಿಯ ಮೇಲೆ 45 ಮಿ.ಮೀ. ಹೊದಿಕೆ. ಮೇಸ್ತ್ರಿ ಕೊಡುವುದು ಹೆಚ್ಚಾಗಿ 20. ಅಳಿವೆಯ ಹೊಯಿಗೆ ಹಾಕಿದರೆ ಕಥೆ ಬೇಗ ಮುಗಿಯುತ್ತದೆ. ಹಳೆ ಮನೆ ಕೊಳ್ಳುವಾಗ ಸಜ್ಜದ ಅಡಿಗೆ ಟಾರ್ಚು ಬಿಡಿ, ಗಾರೆ ಕಳಚಿ ಕಂಬಿ ಕಾಣುತ್ತಿದ್ದರೆ ಒಳಗಿನ ಸ್ಲ್ಯಾಬಿನ ಭವಿಷ್ಯವೂ ಅದೇ.

ಕಿಟಕಿ-ಬಾಗಿಲಿನ ವಿಷಯದಲ್ಲಿ ದೂರದ ಒಂದು ಪಾಠ ಇಲ್ಲಿಗೂ ಸಲ್ಲುತ್ತದೆ. 1992ರ ಆಗಸ್ಟಿನಲ್ಲಿ ಆಂಡ್ರ್ಯೂ ಹರಿಕೇನ್ ಫ್ಲಾರಿಡಾದ ದಕ್ಷಿಣಕ್ಕೆ ಬಡಿದಾಗ ಎಷ್ಟೋ ಮನೆಗಳಲ್ಲಿ ಮೊದಲು ಸೋತದ್ದು ಗ್ಯಾರೇಜಿನ ಅಗಲ ಬಾಗಿಲು ಮತ್ತು ಕಿಟಕಿ. ಗಾಳಿ ಒಳಗೆ ಹೊಕ್ಕು ಮಾಡನ್ನು ಒಳಗಿನಿಂದ ಎತ್ತಿತು. ಆ ರಾಜ್ಯ ಕಟ್ಟಡದ ನಿಯಮವನ್ನೇ ಬದಲಿಸಿ 2002ರಿಂದ ಎಲ್ಲ ಕಡೆಗೂ ಒಂದೇ ಸಂಹಿತೆ ತಂದಿತು. ನಮ್ಮಲ್ಲಿ ಪಶ್ಚಿಮಕ್ಕೆ ಮುಖ ಮಾಡಿದ ಗೋಡೆಯುದ್ದದ ಗಾಜು ಈಗಿನ ಫ್ಯಾಶನ್. ಕಾಣುವುದು ಚಂದ. ಹಲಗೆಯ ಎರಡು ಬಾಗಿಲಿನ ಹಳೆ ಕಿಟಕಿಗಳನ್ನು ಕಿತ್ತು ಹಾಕುವ ಮೊದಲು ಒಮ್ಮೆ ಯೋಚಿಸಿ ಅಂತಷ್ಟೇ.

ತೆಂಗಿನಮರ ಮನೆಯಿಂದ ತನ್ನ ಎತ್ತರದಷ್ಟು ದೂರ ಇರುವುದು ಐದು ಸೆಂಟ್ಸಿನಲ್ಲಿ ಸಾಧ್ಯವಿಲ್ಲ. ವಾಲಿದ್ದನ್ನು ಕಡಿಸಿ, ಉಳಿದವುಗಳ ಕಾಯಿ ಮತ್ತು ಒಣ ಮಡಲನ್ನು ಮೇ ಮೊದಲು ಒಮ್ಮೆ, ಅಕ್ಟೋಬರಿನಲ್ಲಿ ಒಮ್ಮೆ ಇಳಿಸಿ. ಅರಬ್ಬಿ ಕಡಲಿನಲ್ಲಿ ಚಂಡಮಾರುತ ಹುಟ್ಟುವ ಎರಡು ಹೊತ್ತು ಅವೇ. 2017ರ ಒಖಿ ಚಂಡಮಾರುತ ಬಂದದ್ದು ನವೆಂಬರ್ ಕೊನೆಗೆ.

ವಿಮೆ ಮತ್ತು ಅಡ್ವಾನ್ಸ್

2021ರ ಏಪ್ರಿಲಿನಿಂದ ಎಲ್ಲ ಸಾಮಾನ್ಯ ವಿಮಾ ಕಂಪೆನಿಗಳೂ 'ಭಾರತ್ ಗೃಹ ರಕ್ಷಾ' ಎಂಬ ಒಂದೇ ನಮೂನೆಯ ಪಾಲಿಸಿ ಕೊಡಬೇಕು. ಬಿರುಗಾಳಿ, ಚಂಡಮಾರುತ, ನೆರೆ, ಗುಡ್ಡೆ ಜರಿಯುವುದು ಎಲ್ಲ ಅದರಲ್ಲಿ ಸೇರಿದೆ. ಸಣ್ಣ ಅಕ್ಷರ ಓದಿ: ಕಡಲು ಅಥವಾ ಹೊಳೆ ಕೊರೆದು ನೆಲ ಜರಿದದ್ದಕ್ಕೆ ಪರಿಹಾರವಿಲ್ಲ. ಗುಡ್ಡೆಯ ಮನೆಯ ಹಂಚು ಹಾರಿದರೆ ದುಡ್ಡು ಬರುತ್ತದೆ, ದಂಡೆಯ ಮನೆಯ ಅಡಿಯ ಹೊಯಿಗೆ ಹೋಗಿ ಮನೆಯೇ ಕೂತರೆ ಕಷ್ಟ. ಮೂರು ಜಾಗಗಳ ಕ್ರಯವನ್ನು ಹೋಲಿಸುವವರು ಇದನ್ನೂ ಸೇರಿಸಿ ಹೋಲಿಸಬೇಕು.

ಎರಡು ಜಾಗ ಸಮ ಎಂದು ತೋರಿದರೆ ಅಡ್ವಾನ್ಸನ್ನು ಮಳೆಗಾಲಕ್ಕೆ ತಳ್ಳಿ. ಜೂನ್ ಕೊನೆಯಿಂದ ಜುಲೈ ತನಕದ ಅಮಾವಾಸ್ಯೆಯೋ ಹುಣ್ಣಿಮೆಯೋ ನೋಡಿಕೊಂಡು, ಭರತದ ಹೊತ್ತಿಗೆ, ಮಳೆ ಸುರಿಯುತ್ತಿರುವಾಗಲೇ ಹೋಗಿ ನಿಲ್ಲಿ. ದುಬೈಯಲ್ಲಿರುವವರು ಭಾವನನ್ನೋ ತಮ್ಮನನ್ನೋ ಕಳಿಸಿ ವಿಡಿಯೋ ಕಾಲ್ ಮಾಡಿಸಿಕೊಳ್ಳಿ. ಮನೆಯ ಒಳಗಿನದ್ದು ಬೇಡ, ಅಂಗಳದ ನೀರು ಎತ್ತ ಹರಿಯುತ್ತದೆ, ಪಶ್ಚಿಮದ ಮೇರೆಯಲ್ಲಿ ಕಡಲು ಎಲ್ಲಿ ನಿಂತಿದೆ ಎಂಬುದನ್ನು ತೋರಿಸಲಿ. ಮಾರುವವರು "ಈಗ ಬೇಡ, ಓಣಂ ಕಳೆದು ಬನ್ನಿ, ದಾರಿಯೆಲ್ಲ ಕೆಸರು" ಅಂದರೆ ಆ ಜಾಗವನ್ನು ಪಟ್ಟಿಯಿಂದ ತೆಗೆದುಬಿಡಿ.